ಹ್ಯೂಮಾನಿನ್: ಜೀವಕೋಶವನ್ನು ಕಾಯುವ ಪೆಪ್ಟೈಡ್ ನಮ್ಮನ್ನೂ ಕಾಯುತ್ತದೆಯೇ?

ಮರೆವು ಬಾರದಂತೆ ತಡೆಯುತ್ತದೆ, ಮುಪ್ಪನ್ನು ಮುಂದೂಡುತ್ತದೆ, ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುತ್ತದೆ. ಇಂಥ ಮಾತುಗಳ ಜೊತೆಗೆ ‘ಮೈಟೊಕಾಂಡ್ರಿಯಾ ಪೆಪ್ಟೈಡ್’ ಎಂಬ ಹೆಸರು ಈಚೆಗೆ ಇಂಟರ್ನೆಟ್ಟಿನಲ್ಲಿ ಆಗಾಗ ಕಣ್ಣಿಗೆ ಬೀಳುತ್ತಿದೆ. ಒಂದು ಚಿಕ್ಕ ಗಾಜಿನ ಸೀಸೆ, ಒಳಗೆ ಚಿಟಿಕೆಯಷ್ಟು ಬಿಳಿ ಪುಡಿ, ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ. ಹ್ಯೂಮಾನಿನ್, ಮಾಟ್ಸ್-ಸಿ ಎಂಬವು ಇವುಗಳ ಪೈಕಿ ಹೆಸರುವಾಸಿಯಾದವು. ಇಂಥ ಜಾಹೀರಾತಿಗೆ ದೊಡ್ಡ ಊರು, ಸಣ್ಣ ಊರು ಎಂಬ ಭೇದವಿಲ್ಲ. ಕೈಯಲ್ಲಿ ಮೊಬೈಲ್ ಇದ್ದರೆ ಬೆಂಗಳೂರಿನಷ್ಟೇ ಸುಲಭವಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗೂ ತಲುಪುತ್ತದೆ.

ಹಾಗಾದರೆ ಇವೆಲ್ಲ ಬರೀ ಸುಳ್ಳೇ? ಅಲ್ಲ. ಹ್ಯೂಮಾನಿನ್ ಎಂಬ ವಸ್ತು ಇದೆ, ಅದು ಜೀವಕೋಶಗಳನ್ನು ಸಾವಿನಿಂದ ಕಾಪಾಡುವುದನ್ನು ವಿಜ್ಞಾನಿಗಳು ಮತ್ತೆ ಮತ್ತೆ ಕಂಡಿದ್ದಾರೆ. ತೊಂದರೆ ಇರುವುದು ಅಲ್ಲಿಂದ ಮುಂದಿನ ಜಿಗಿತದಲ್ಲಿ. ಗಾಜಿನ ತಟ್ಟೆಯಲ್ಲಿರುವ ಕೋಶ ಉಳಿಯಿತು ಎಂದರೆ ಮನುಷ್ಯನ ಕಾಯಿಲೆ ವಾಸಿಯಾಯಿತು ಎಂದು ಅರ್ಥವಲ್ಲ. ಈ ಎರಡರ ನಡುವೆ ಎಷ್ಟು ದೂರವಿದೆ ಎಂಬುದನ್ನು ನೋಡೋಣ. ಇದನ್ನು ಅರಿಯಲು ಹಾವೇರಿ ಜಿಲ್ಲೆಯ ಬೀಜೋತ್ಪಾದನೆಯ ಹೊಲಗಳೂ ನಮಗೆ ನೆರವಾಗುತ್ತವೆ. ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ.

ಮೈಟೊಕಾಂಡ್ರಿಯಾ ಎಂದರೇನು? ಪೆಪ್ಟೈಡ್ ಎಂದರೇನು?

ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೊಳಗೂ ಮೈಟೊಕಾಂಡ್ರಿಯಾ ಎಂಬ ಅತಿ ಸಣ್ಣ ಭಾಗಗಳಿವೆ. ತಿಂದ ಆಹಾರ ಮತ್ತು ಉಸಿರಾಡಿದ ಆಮ್ಲಜನಕವನ್ನು ಬಳಸಿ ಕೋಶಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವುದು ಇವುಗಳ ಮುಖ್ಯ ಕೆಲಸ. ಕೆಂಪು ರಕ್ತಕಣಗಳಲ್ಲಿ ಇವು ಇರುವುದಿಲ್ಲ.

ಇವುಗಳ ಒಂದು ವಿಶೇಷವೆಂದರೆ ಇವಕ್ಕೆ ತಮ್ಮದೇ ಆದ ಡಿಎನ್‌ಎ ಇದೆ. ಕೋಶಕೇಂದ್ರದಲ್ಲಿರುವ ಡಿಎನ್‌ಎ ತಂದೆ-ತಾಯಿ ಇಬ್ಬರಿಂದಲೂ ಬಂದರೆ, ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಅದು ಬಹಳ ಚಿಕ್ಕದು. ಮನುಷ್ಯರಲ್ಲಿ 16,569 ಅಕ್ಷರಗಳಷ್ಟು ಉದ್ದ, ಅಷ್ಟೇ. 1981ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ವಿಜ್ಞಾನಿಗಳು ಅದನ್ನು ಪೂರ್ತಿಯಾಗಿ ಓದಿದಾಗ 37 ಜೀನುಗಳು ಸಿಕ್ಕವು. ಅವುಗಳಲ್ಲಿ 13 ಮಾತ್ರ ಪ್ರೋಟೀನ್ ತಯಾರಿಸುವಂಥವು. ಇನ್ನೇನೂ ಉಳಿದಿಲ್ಲ, ಪಟ್ಟಿ ಮುಗಿಯಿತು ಎಂದು ಬಹುಕಾಲ ಎಲ್ಲರೂ ಅಂದುಕೊಂಡಿದ್ದರು.

ಇನ್ನು ಪೆಪ್ಟೈಡ್. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಉದ್ದನೆಯ ಸರವೇ ಪ್ರೋಟೀನ್. ಆ ಸರ ಚಿಕ್ಕದಾಗಿದ್ದರೆ, ಅಂದರೆ ಕೆಲವೇ ಮಣಿಗಳದ್ದಾಗಿದ್ದರೆ, ಅದನ್ನು ಪೆಪ್ಟೈಡ್ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳುವ ಇನ್ಸುಲಿನ್ 51 ಮಣಿಗಳ ಪೆಪ್ಟೈಡ್. ಆದ್ದರಿಂದ ‘ಪೆಪ್ಟೈಡ್’ ಎಂಬ ಹೆಸರಿನಲ್ಲೇ ಯಾವ ಮಾಯೆಯೂ ಇಲ್ಲ, ಯಾವ ಭಯವೂ ಇಲ್ಲ.

ಹ್ಯೂಮಾನಿನ್ ಸಿಕ್ಕಿದ್ದು ಹೇಗೆ?

ಅಲ್ಝೈಮರ್ ಕಾಯಿಲೆಯಲ್ಲಿ ಮೆದುಳಿನ ಎಲ್ಲ ಭಾಗಗಳೂ ಒಂದೇ ಸಮನೆ ಹಾಳಾಗುವುದಿಲ್ಲ. ನೆನಪಿಗೆ ಸಂಬಂಧಿಸಿದ ಭಾಗಗಳು ಬೇಗ ಸೊರಗುತ್ತವೆ. ತಲೆಯ ಹಿಂಬದಿಯಲ್ಲಿ, ನೋಟಕ್ಕೆ ಸಂಬಂಧಿಸಿದ ಭಾಗ ಬಹುಮಟ್ಟಿಗೆ ಉಳಿದುಕೊಂಡಿರುತ್ತದೆ. ಅಲ್ಲಿನ ಕೋಶಗಳನ್ನು ಏನೋ ಕಾಯುತ್ತಿರಬೇಕಲ್ಲ? ಜಪಾನಿನ ಕೀಯೊ ವಿಶ್ವವಿದ್ಯಾಲಯದಲ್ಲಿ ಇಕುವೊ ನಿಶಿಮೊಟೊ ಅವರ ತಂಡ ಈ ಪ್ರಶ್ನೆಯನ್ನು ಹಿಡಿದು ಹೊರಟಿತು.

ಅಲ್ಝೈಮರ್ ರೋಗಿಯೊಬ್ಬರ ಮೆದುಳಿನ ಆ ಹಿಂಬದಿಯ ಭಾಗದಿಂದ ಜೀನುಗಳ ಪ್ರತಿಗಳನ್ನು ತೆಗೆದು, ಸಾಯುವ ಸ್ಥಿತಿಯಲ್ಲಿದ್ದ ಕೋಶಗಳೊಳಗೆ ಸೇರಿಸಿದರು. ಬಹುಪಾಲು ಕೋಶಗಳು ಸತ್ತವು. ಬದುಕುಳಿದವುಗಳಲ್ಲಿ ಯಾವ ಜೀನು ಇತ್ತೆಂದು ಹುಡುಕಿದಾಗ ಸಿಕ್ಕಿದ್ದು 24 ಅಮೈನೋ ಆಮ್ಲಗಳ ಒಂದು ಪುಟ್ಟ ಪೆಪ್ಟೈಡ್‌ನ ಸಂಕೇತ. 2001ರಲ್ಲಿ ಪ್ರಕಟವಾದ ಈ ಶೋಧದಲ್ಲಿ ಅದಕ್ಕೆ ಹ್ಯೂಮಾನಿನ್ ಎಂದು ಹೆಸರಿಟ್ಟರು. ಅಚ್ಚರಿಯೆಂದರೆ ಆ ಸಂಕೇತ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ, ಪ್ರೋಟೀನ್ ತಯಾರಿಸುವುದಿಲ್ಲವೆಂದು ಬದಿಗಿಟ್ಟಿದ್ದ ಒಂದು ಜೀನಿನೊಳಗೇ ಅಡಗಿತ್ತು.

ಆಮೇಲೆ ಇಂಥವು ಇನ್ನಷ್ಟು ಸಿಕ್ಕವು. 2015ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾಂಗ್‌ಹಾನ್ ಲೀ, ಪಿಂಚಸ್ ಕೋಹೆನ್ ಮತ್ತು ಸಂಗಡಿಗರು 16 ಅಮೈನೋ ಆಮ್ಲಗಳ ಮಾಟ್ಸ್-ಸಿ ಬಗ್ಗೆ ಬರೆದರು. 2016ರಲ್ಲಿ ಹ್ಯೂಮಾನಿನ್‌ನ್ನು ಹೋಲುವ ಇನ್ನೂ ಆರು ಪೆಪ್ಟೈಡ್‌ಗಳು ಪಟ್ಟಿಗೆ ಸೇರಿದವು. ಮುಗಿಯಿತು ಎಂದುಕೊಂಡಿದ್ದ ಪಟ್ಟಿ ಮುಗಿದಿರಲಿಲ್ಲ.

ಇಲ್ಲಿ ಇನ್ನೂ ಬಗೆಹರಿಯದ ಒಂದು ಚರ್ಚೆಯೂ ಇದೆ. ಹ್ಯೂಮಾನಿನ್ ಜೀನಿನ ಹೋಲಿಕೆಯ ಪ್ರತಿಗಳು ಕೋಶಕೇಂದ್ರದ ಡಿಎನ್‌ಎಯಲ್ಲೂ ಹತ್ತಕ್ಕಿಂತ ಹೆಚ್ಚು ಕಡೆ ಚದುರಿಕೊಂಡಿವೆ. ಹಾಗಾಗಿ ರಕ್ತದಲ್ಲಿ ಕಾಣುವ ಹ್ಯೂಮಾನಿನ್ ಎಲ್ಲವೂ ಮೈಟೊಕಾಂಡ್ರಿಯಾದಿಂದಲೇ ಬಂದದ್ದೇ ಎಂದು ವಿಜ್ಞಾನಿಗಳು ಈಗಲೂ ಕೇಳಿಕೊಳ್ಳುತ್ತಿದ್ದಾರೆ. ಜಾಹೀರಾತುಗಳಲ್ಲಿ ಈ ಅನುಮಾನದ ಸುಳಿವೂ ಇರುವುದಿಲ್ಲ.

ಪ್ರಯೋಗಾಲಯದಲ್ಲಿ ‘ಕಾಯುವುದು’ ಎಂದರೆ ಏನು?

ಜೀವಕೋಶ ರಕ್ಷಣೆಯ ಪ್ರಯೋಗ ಕೇಳಲು ಸರಳ. ಗಾಜಿನ ಅಥವಾ ಪ್ಲಾಸ್ಟಿಕ್ ತಟ್ಟೆಯಲ್ಲಿ ನರಕೋಶಗಳನ್ನು ಬೆಳೆಸುತ್ತಾರೆ. ಕೆಲವು ತಟ್ಟೆಗಳಿಗೆ ಅಮಿಲಾಯ್ಡ್-ಬೀಟಾದಂಥ, ಕೋಶಗಳನ್ನು ಕೊಲ್ಲುವ ವಸ್ತುವನ್ನು ಹಾಕುತ್ತಾರೆ. ಇನ್ನು ಕೆಲವಕ್ಕೆ ಅದರ ಜೊತೆಗೆ ಹ್ಯೂಮಾನಿನ್ ಕೂಡ ಹಾಕುತ್ತಾರೆ. ಒಂದೆರಡು ದಿನದ ಬಳಿಕ ಎಷ್ಟು ಕೋಶ ಸತ್ತವು, ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಹ್ಯೂಮಾನಿನ್ ಹಾಕಿದ ತಟ್ಟೆಯಲ್ಲಿ ಹೆಚ್ಚು ಕೋಶಗಳು ಉಳಿದವು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೂ ಒಂದಿಷ್ಟು ಉತ್ತರ ಸಿಕ್ಕಿದೆ. ಕೋಶವೊಂದು ಸಾಯಬೇಕಾದಾಗ ಬ್ಯಾಕ್ಸ್ ಎಂಬ ಪ್ರೋಟೀನ್ ಹೋಗಿ ಮೈಟೊಕಾಂಡ್ರಿಯಾದ ಹೊರಪದರಕ್ಕೆ ತೂತು ಮಾಡುತ್ತದೆ. ಹ್ಯೂಮಾನಿನ್ ಆ ಬ್ಯಾಕ್ಸನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ ಎಂದು 2003ರಲ್ಲಿ ತೋರಿಸಲಾಯಿತು. ಕೋಶದ ಹೊರಗಿನಿಂದ ಬೇರೆ ಸಂಕೇತಗಳ ಮೂಲಕವೂ ಅದು ಕೆಲಸ ಮಾಡುತ್ತದೆ.

ವಿಜ್ಞಾನಿಗಳು ಹ್ಯೂಮಾನಿನ್‌ನ 14ನೇ ಮಣಿಯನ್ನು ಬದಲಿಸಿ, ಸೆರೀನ್ ಇದ್ದ ಕಡೆ ಗ್ಲೈಸೀನ್ ಇಟ್ಟು ನೋಡಿದರು. ಎಚ್‌ಎನ್‌ಜಿ ಎಂದು ಕರೆಯುವ ಈ ಬದಲಿ ಪೆಪ್ಟೈಡ್ ಮೂಲಕ್ಕಿಂತ ಸುಮಾರು ಸಾವಿರ ಪಟ್ಟು ಚುರುಕು. ಇಂದು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇಂಥ ಬದಲಿಗಳೇ. ಅಂದರೆ ಸಂಶೋಧನಾ ಲೇಖನದಲ್ಲಿ ಓದುವ ಫಲಿತಾಂಶ ನಮ್ಮ ದೇಹದಲ್ಲಿ ತಾನಾಗಿ ಹುಟ್ಟುವ ಹ್ಯೂಮಾನಿನ್‌ನದ್ದೇ ಆಗಿರಬೇಕೆಂದಿಲ್ಲ.

ಇಲಿಗಳಲ್ಲಿಯೂ ಒಳ್ಳೆಯ ಸೂಚನೆಗಳು ಕಂಡಿವೆ. ಹೃದಯಕ್ಕೆ ರಕ್ತ ನಿಂತು ಮತ್ತೆ ಹರಿದಾಗ ಆಗುವ ಹಾನಿ ಕಡಿಮೆಯಾಗಿದೆ. ಕ್ಯಾನ್ಸರ್ ಔಷಧದಿಂದ ವೃಷಣದ ಕೋಶಗಳು ಸಾಯುವುದು ತಗ್ಗಿದೆ. ಇವೆಲ್ಲ ಮುಂದಿನ ಸಂಶೋಧನೆಗೆ ಕಾರಣ ಕೊಡುತ್ತವೆ. ಔಷಧಿ ಚೀಟಿ ಬರೆಯಲು ಇಷ್ಟು ಸಾಲದು.

ಇನ್ನು ಜನರಲ್ಲಿ ಓಡಾಡುವ ನಾಲ್ಕು ಮಾತುಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ 1: ‘ನಮ್ಮ ದೇಹದಲ್ಲೇ ಇರುವ ವಸ್ತು, ಆದ್ದರಿಂದ ಅಪಾಯವಿಲ್ಲ’

ಈ ಮಾತಿಗೆ ಉತ್ತರ ಹುಡುಕಲು ರಾಣೆಬೆನ್ನೂರಿನ ಸುತ್ತಮುತ್ತಲ ಹೊಲಗಳಿಗೆ ಹೋಗಬಹುದು. ಹಾವೇರಿ ಜಿಲ್ಲೆಯಲ್ಲಿ ಹತ್ತಿ, ಟೊಮೆಟೊ, ಮೆಣಸಿನಕಾಯಿಯಂಥ ಬೆಳೆಗಳ ಹೈಬ್ರಿಡ್ ಬೀಜ ತಯಾರಿಸುವ ರೈತರು ಬಹಳ. ಆ ಕೆಲಸ ಮಾಡಿದವರಿಗೆ ಗೊತ್ತು, ಕ್ರಾಸಿಂಗ್ ಎಂದರೆ ಎಷ್ಟು ಸೂಕ್ಷ್ಮ ಕೆಲಸ ಎಂದು. ಅರಳುವ ಮುಂಚೆಯೇ ಮೊಗ್ಗನ್ನು ಬಿಡಿಸಿ, ಅದರೊಳಗಿನ ಗಂಡು ಭಾಗವನ್ನು ಕಿತ್ತು ತೆಗೆಯಬೇಕು. ಆಮೇಲೆ ಬೇರೆ ತಳಿಯ ಪರಾಗವನ್ನು ತಂದು ಮುಟ್ಟಿಸಬೇಕು. ಒಂದೊಂದು ಹೂವಿಗೂ ಇದೇ ಕೆಲಸ. ಇದರಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೈ ದುಡಿಯುತ್ತದೆ.

ಈ ಶ್ರಮ ತಪ್ಪಿಸಲು ತಳಿ ವಿಜ್ಞಾನಿಗಳು ಕಂಡುಕೊಂಡ ದಾರಿ ‘ಗಂಡು ಬಂಜೆ’ ತಳಿ. ಈ ಗಿಡಗಳ ಹೂವಿನಲ್ಲಿ ಫಲಿಸುವ ಪರಾಗವೇ ಹುಟ್ಟುವುದಿಲ್ಲ, ಆದ್ದರಿಂದ ಕಿತ್ತು ತೆಗೆಯುವ ಅಗತ್ಯವಿಲ್ಲ. ಪರಾಗ ಏಕೆ ಹುಟ್ಟುವುದಿಲ್ಲ? ಇಂಥ ಅನೇಕ ತಳಿಗಳಲ್ಲಿ ಕಾರಣ ಗಿಡದ ಮೈಟೊಕಾಂಡ್ರಿಯಾ ತಯಾರಿಸುವ ಒಂದು ಪುಟ್ಟ ಪ್ರೋಟೀನ್. ಅದೂ ಹ್ಯೂಮಾನಿನ್‌ನಂತೆ ಪಟ್ಟಿಯಲ್ಲಿರದ ಜೀನಿನಿಂದ ಬರುತ್ತದೆ, ತಾಯಿ ಗಿಡದಿಂದ ಮಾತ್ರ ಮುಂದಿನ ಪೀಳಿಗೆಗೆ ಹೋಗುತ್ತದೆ. ಗಾತ್ರದಲ್ಲಿ ಹ್ಯೂಮಾನಿನ್‌ಗಿಂತ ದೊಡ್ಡದು, ರಚನೆಯಲ್ಲಿ ಅದಕ್ಕೆ ನೆಂಟಸ್ತಿಕೆಯಿಲ್ಲ. ಆದರೆ ಹುಟ್ಟಿದ ಜಾಗ ಒಂದೇ ಬಗೆಯದು.

ಮೆಣಸಿನಕಾಯಿಯಲ್ಲಿ ಈ ಬಗೆಯ ಗಂಡು ಬಂಜೆತನವನ್ನು 1958ರಲ್ಲಿ ಮೊದಲು ವರದಿ ಮಾಡಿದವರು ಅಮೆರಿಕದ ಪೀಟರ್ಸನ್ ಎಂಬ ವಿಜ್ಞಾನಿ. ಅವರಿಗೆ ಅದು ಸಿಕ್ಕಿದ್ದು ಭಾರತದಿಂದ ಹೋಗಿದ್ದ ಮೆಣಸಿನ ತಳಿಯಲ್ಲಿ. 2007ರಲ್ಲಿ ಕೊರಿಯಾದ ವಿಜ್ಞಾನಿಗಳು ಅದಕ್ಕೆ ಕಾರಣವೆನಿಸಿದ ಮೈಟೊಕಾಂಡ್ರಿಯಾ ಜೀನನ್ನು ಗುರುತಿಸಿದರು. ಸೂರ್ಯಕಾಂತಿಯಲ್ಲೂ ಇದೇ ತತ್ವ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಡುಗಡೆ ಮಾಡಿದ ಬಿಎಸ್‌ಎಚ್-1 ಎಂಬ ಹೈಬ್ರಿಡ್ ನಿಂತಿದ್ದು ಗಂಡು ಬಂಜೆ ಸಾಲಿನ ಮೇಲೆ.

ಹಾವೇರಿಯ ರೈತರ ಇನ್ನೊಂದು ಮುಖ್ಯ ಬೆಳೆ ಗೋವಿನಜೋಳ. ಅದರ ಕತೆ ಇನ್ನೂ ದೊಡ್ಡ ಪಾಠ ಹೇಳುತ್ತದೆ. ಅಮೆರಿಕದಲ್ಲಿ ‘ಟೆಕ್ಸಾಸ್’ ಎಂಬ ಗಂಡು ಬಂಜೆ ಸಾಲನ್ನು ಬಳಸಿ ಹೈಬ್ರಿಡ್ ಬೀಜ ಮಾಡುವುದು ಎಷ್ಟು ಸುಲಭವಾಯಿತೆಂದರೆ, 1970ರ ಹೊತ್ತಿಗೆ ಅಲ್ಲಿನ ಗೋವಿನಜೋಳದ ಬಹುಪಾಲು ಅದೇ ಸಾಲಿನದಾಗಿತ್ತು. ಆ ವರ್ಷ ಎಲೆಯಂಗಮಾರಿ ತರುವ ಶಿಲೀಂಧ್ರದ ಒಂದು ಬಗೆ ಹರಡಿತು. ಅದು ಸೂಸುವ ವಿಷ ನೇರವಾಗಿ ಹೋಗಿ ಹಿಡಿದದ್ದು ಪರಾಗವನ್ನು ತಡೆಯುತ್ತಿದ್ದ ಮೈಟೊಕಾಂಡ್ರಿಯಾದ ಆ ಪ್ರೋಟೀನನ್ನೇ. ದೇಶದ ಒಟ್ಟು ಬೆಳೆಯಲ್ಲಿ ಸುಮಾರು ಶೇ 15ರಷ್ಟು ಒಂದೇ ಹಂಗಾಮಿನಲ್ಲಿ ಹೋಯಿತು.

ಬೀಜದ ಕಂಪನಿಗೆ ವರವಾಗಿದ್ದ ಪ್ರೋಟೀನ್ ಹೊಲದ ರೈತನಿಗೆ ಶಾಪವಾಯಿತು. ಅದು ಗಿಡದ ದೇಹದಲ್ಲೇ ಹುಟ್ಟಿದ್ದು, ಹೊರಗಿನಿಂದ ಯಾರೂ ಸಿಂಪಡಿಸಿದ್ದಲ್ಲ. ಸಹಜವಾಗಿ ಹುಟ್ಟಿದ ವಸ್ತು ಒಳ್ಳೆಯದೋ ಕೆಟ್ಟದೋ ಎಂಬುದು ಅದು ಎಲ್ಲಿ, ಯಾವಾಗ, ಎಷ್ಟು ಇದೆ ಎಂಬುದನ್ನು ಅವಲಂಬಿಸಿದೆ.

ಮನುಷ್ಯರ ವಿಷಯಕ್ಕೂ ಇದು ಹೊಂದುತ್ತದೆ. ಕೋಶಗಳು ಸಾಯುವುದು ಯಾವಾಗಲೂ ಕೆಟ್ಟದ್ದಲ್ಲ. ಹಾಳಾದ, ಕ್ಯಾನ್ಸರ್ ಕಡೆಗೆ ವಾಲಿದ ಕೋಶಗಳನ್ನು ದೇಹ ಹೀಗೆಯೇ ತೆಗೆದುಹಾಕುತ್ತದೆ. ಆ ಸಾವನ್ನು ತಡೆಯುವ ವಸ್ತು ನರಕೋಶವನ್ನು ಉಳಿಸಿದಂತೆ ಗಡ್ಡೆಯ ಕೋಶವನ್ನೂ ಉಳಿಸಬಹುದಲ್ಲವೇ? 2020ರಲ್ಲಿ ಅರ್ಜೆಂಟೀನಾದ ಸಂಶೋಧಕರು ಇಲಿಗಳಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರ್ ಮೇಲೆ ಹ್ಯೂಮಾನಿನ್ ಪ್ರಯೋಗಿಸಿ ನೋಡಿದಾಗ ಗಡ್ಡೆ ಬೆಳೆಯಲು ಅದು ನೆರವಾದದ್ದು ಕಂಡಿತು. ಒಂದು ಇಲಿ ಪ್ರಯೋಗದಿಂದ ‘ಹ್ಯೂಮಾನಿನ್ ಕ್ಯಾನ್ಸರ್ ತರುತ್ತದೆ’ ಎನ್ನಲಾಗದು. ಅದೇ ಲೆಕ್ಕದಲ್ಲಿ ಇನ್ನೊಂದು ಇಲಿ ಪ್ರಯೋಗದಿಂದ ‘ಕಾಯಿಲೆ ವಾಸಿ ಮಾಡುತ್ತದೆ’ ಎನ್ನಲೂ ಆಗದು.

ನಂಬಿಕೆ 2: ‘ವಯಸ್ಸಾದಂತೆ ಕಡಿಮೆಯಾಗುತ್ತದೆ, ಆದ್ದರಿಂದ ತುಂಬಿಕೊಳ್ಳಬೇಕು’

ವಯಸ್ಸಾದಂತೆ ರಕ್ತದಲ್ಲಿ ಹ್ಯೂಮಾನಿನ್ ಪ್ರಮಾಣ ತಗ್ಗುವುದನ್ನು ಹಲವು ಅಧ್ಯಯನಗಳು ಕಂಡಿವೆ. ನೂರು ವರ್ಷ ಬದುಕಿದವರ ಮಕ್ಕಳಲ್ಲಿ ಅದು ಹೆಚ್ಚಿರುವುದನ್ನೂ ವರದಿ ಮಾಡಲಾಗಿದೆ. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಎಂದಾಗುವುದಿಲ್ಲ.

ಬ್ಯಾಡಗಿ ಮಾರುಕಟ್ಟೆಯನ್ನೇ ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಗಾಢ ಕೆಂಪು ಬಣ್ಣದಿಂದ. ಖಾರ ಕಡಿಮೆ, ಬಣ್ಣ ಹೆಚ್ಚು, ಹೊರಮೈ ಸುಕ್ಕು. ಒಳ್ಳೆಯ ಕಾಯಿ ಕೆಂಪಗಿರುತ್ತದೆ ಎಂಬುದು ನಿಜ. ಹಾಗೆಂದು ಕಳಪೆ ಕಾಯಿಗೆ ಬಣ್ಣ ಬಳಿದರೆ ಅದು ಒಳ್ಳೆಯ ಕಾಯಿ ಆಗುತ್ತದೆಯೇ? ಆರೋಗ್ಯವಂತರ ರಕ್ತದಲ್ಲಿ ಹೆಚ್ಚಿರುವ ವಸ್ತುವನ್ನು ಹೊರಗಿನಿಂದ ಚುಚ್ಚಿದರೆ ಆರೋಗ್ಯ ಬಂದೇ ಬರುತ್ತದೆ ಎನ್ನುವುದೂ ಇದೇ ಬಗೆಯ ತರ್ಕ. ಪ್ರಮಾಣ ಕಡಿಮೆಯಾಗುವುದು ಮುಪ್ಪಿನ ಕಾರಣವೋ, ಪರಿಣಾಮವೋ ಎಂಬುದನ್ನು ಮನುಷ್ಯರ ಮೇಲಿನ ಸರಿಯಾದ ಪ್ರಯೋಗವೇ ಹೇಳಬೇಕು.

ನಂಬಿಕೆ 3: ‘ಶೇ 99 ಶುದ್ಧ ಎಂದು ಬರೆದಿದೆ, ಇನ್ನೇನು ಬೇಕು?’

ಆ ಶೇ 99 ಎಂಬುದು ಪುಡಿಯಲ್ಲಿರುವ ಪೆಪ್ಟೈಡ್‌ನಲ್ಲಿ ಹೇಳಿದ ಪೆಪ್ಟೈಡ್ ಎಷ್ಟು, ತಪ್ಪಾಗಿ ಕೂಡಿದ ಸರಗಳು ಎಷ್ಟು ಎಂಬ ಲೆಕ್ಕ. ಕೋಶಗಳಿರುವ ತಟ್ಟೆಗೆ ಹಾಕಲು ಅಷ್ಟು ಸಾಕಾಗಬಹುದು. ಮನುಷ್ಯನ ಮೈಗೆ ಚುಚ್ಚುವ ಔಷಧಿಗೆ ಬೇರೆಯೇ ಪರೀಕ್ಷೆಗಳಿವೆ. ರೋಗಾಣುಗಳಿಲ್ಲ, ರೋಗಾಣುಗಳು ಬಿಟ್ಟುಹೋದ ವಿಷವಿಲ್ಲ, ಪ್ರತಿ ಸೀಸೆಯಲ್ಲೂ ಪ್ರಮಾಣ ಒಂದೇ ಇದೆ, ಇಷ್ಟು ದಿನ ಕೆಡದೆ ಇರುತ್ತದೆ ಎಂದು ಕಾರ್ಖಾನೆ ತೋರಿಸಬೇಕು. ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿಯ ಅರ್ಥ ಇದನ್ನು ಮನುಷ್ಯರ ಬಳಕೆಗೆ ತಯಾರಿಸಿಲ್ಲ ಎಂದೇ. ಏನಾದರೂ ಆದರೆ ಮಾರಿದವರು ತೋರಿಸುವುದು ಆ ಚೀಟಿಯನ್ನೇ.

ಮಾತ್ರೆಯಾಗಿ ನುಂಗಿದರೆ? ಬೇಳೆ, ಮೊಟ್ಟೆಯ ಪ್ರೋಟೀನನ್ನು ಅರಗಿಸುವಂತೆ ಹೊಟ್ಟೆ ಇಂಥ ಪೆಪ್ಟೈಡನ್ನೂ ಬಹುಪಾಲು ಬಿಡಿ ಮಣಿಗಳಾಗಿ ಒಡೆದುಬಿಡುತ್ತದೆ. ಇನ್ಸುಲಿನ್ನನ್ನು ಇಂದಿಗೂ ಹೆಚ್ಚಾಗಿ ಚುಚ್ಚಿಯೇ ಕೊಡುವುದಕ್ಕೆ ಇದೇ ಮುಖ್ಯ ಕಾರಣ.

ನಂಬಿಕೆ 4: ‘ವ್ಯಾಯಾಮದ ಬದಲು ಮಾಟ್ಸ್-ಸಿ ಸಾಕು’

ಈ ಮಾತು ಹುಟ್ಟಿದ್ದು ಒಂದು ನಿಜವಾದ ಅಧ್ಯಯನದಿಂದ. ಹತ್ತು ಮಂದಿ ಆರೋಗ್ಯವಂತ ಯುವಕರಿಂದ ಸೈಕಲ್ ತುಳಿಸಿದಾಗ ಅವರ ಸ್ನಾಯುಗಳಲ್ಲಿ ಮಾಟ್ಸ್-ಸಿ ಸುಮಾರು 12 ಪಟ್ಟು ಹೆಚ್ಚಿತು ಎಂದು 2021ರ ವರದಿ ಹೇಳಿತು. ಅದೇ ವರದಿಯಲ್ಲಿ ಮುದಿ ಇಲಿಗಳಿಗೆ ಅದನ್ನು ಚುಚ್ಚಿದಾಗ ಓಡುವ ಸಾಮರ್ಥ್ಯ ಹೆಚ್ಚಿದ್ದೂ ಇತ್ತು. ನಮಗೆ ಇದರಿಂದ ಸಿಗುವ ನೇರ ಸುದ್ದಿ ಬೇರೆ: ಸೈಕಲ್ ತುಳಿದರೆ ದೇಹವೇ ಮಾಟ್ಸ್-ಸಿ ತಯಾರಿಸುತ್ತದೆ, ಅದೂ ಖರ್ಚಿಲ್ಲದೆ.

ಕುಸ್ತಿ, ಕಬಡ್ಡಿ, ಓಟದಲ್ಲಿರುವ ಯುವಕರು ಒಂದು ವಿಷಯ ತಿಳಿದಿರಬೇಕು. ಮಾಟ್ಸ್-ಸಿ ಜಾಗತಿಕ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಆಟವೇ ನಿಲ್ಲಬಹುದು.

ಮನುಷ್ಯರ ಮೇಲಿನ ಪ್ರಯೋಗ ಎಲ್ಲಿಗೆ ಬಂದಿದೆ?

ಹ್ಯೂಮಾನಿನ್ ಆಗಲಿ, ಮಾಟ್ಸ್-ಸಿ ಆಗಲಿ ಭಾರತದಲ್ಲಿ ಔಷಧಿಯಾಗಿ ಒಪ್ಪಿಗೆ ಪಡೆದಿಲ್ಲ. ಅಮೆರಿಕದಲ್ಲೂ ಇಲ್ಲ. ಮಾಟ್ಸ್-ಸಿಯನ್ನು ಹೋಲುವ ಒಂದು ಪೆಪ್ಟೈಡನ್ನು ಅಮೆರಿಕದ ಕೋಬಾರ್ ಎಂಬ ಕಂಪನಿ ಕೊಬ್ಬು ತುಂಬಿದ ಪಿತ್ತಜನಕಾಂಗದವರ ಮೇಲೆ ಪ್ರಯೋಗಿಸಿತು. 2021ರಲ್ಲಿ ಫಲಿತಾಂಶ ಬಂತು. ಪ್ರಯೋಗದಲ್ಲಿದ್ದವರು 20 ಮಂದಿ, ಅವಧಿ ನಾಲ್ಕು ವಾರ. ರಕ್ತ ಪರೀಕ್ಷೆಯಲ್ಲಿ ಕೆಲವು ಅಂಶಗಳು ಸುಧಾರಿಸಿದವು. ಚುಚ್ಚಿದ ಜಾಗದಲ್ಲಿ ಬಾವು, ಗಂಟಿನಂಥ ತೊಂದರೆಯಿಂದ ನಡುವೆ ಪ್ರಯೋಗವನ್ನೇ ಕೆಲಕಾಲ ನಿಲ್ಲಿಸಬೇಕಾಗಿ ಬಂದಿತ್ತು. ಅದು ಔಷಧಿಯಾಗಿ ಮಾರುಕಟ್ಟೆಗೆ ಬರಲಿಲ್ಲ.

ಇಲ್ಲಿ ಒಂದು ಗೊಂದಲವನ್ನೂ ಬಿಡಿಸಬೇಕು. 2025ರ ಸೆಪ್ಟೆಂಬರಿನಲ್ಲಿ ಅಮೆರಿಕ ಎಲಾಮಿಪ್ರೆಟೈಡ್ ಎಂಬ ಪೆಪ್ಟೈಡ್‌ಗೆ ಬಾರ್ತ್ ಸಿಂಡ್ರೋಮ್ ಎಂಬ ಬಹಳ ಅಪರೂಪದ ಕಾಯಿಲೆಗಾಗಿ ಒಪ್ಪಿಗೆ ಕೊಟ್ಟಿತು. ಅದು ಮೈಟೊಕಾಂಡ್ರಿಯಾದಿಂದ ಹುಟ್ಟಿದ್ದಲ್ಲ. ಮೈಟೊಕಾಂಡ್ರಿಯಾಕ್ಕೆ ಹೋಗಿ ಅಂಟಿಕೊಳ್ಳುವಂತೆ ಮನುಷ್ಯರೇ ರಚಿಸಿದ್ದು. ಪ್ರಯೋಗಾಲಯದಿಂದ ಅಲ್ಲಿಗೆ ಬರಲು ಅದಕ್ಕೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಅದೂ ಒಂದೇ ಒಂದು ಕಾಯಿಲೆಗೆ.

ನಮ್ಮ ದೇಶದಲ್ಲಿ ಹೊಸ ಔಷಧಿಯನ್ನು ಜನರ ಮೇಲೆ ಪರೀಕ್ಷಿಸಲು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಿವೆ. ನೈತಿಕ ಸಮಿತಿಯ ಒಪ್ಪಿಗೆ, ಸರ್ಕಾರಿ ನೋಂದಣಿ, ಭಾಗವಹಿಸುವವರ ಲಿಖಿತ ಒಪ್ಪಿಗೆ, ತೊಂದರೆಯಾದರೆ ಚಿಕಿತ್ಸೆ ಮತ್ತು ಪರಿಹಾರ ಎಲ್ಲವೂ ಇರಬೇಕು. ನಿಮ್ಮಿಂದಲೇ ಹಣ ಪಡೆದು, ಇವು ಯಾವುವೂ ಇಲ್ಲದೆ ಚುಚ್ಚುವುದು ಸಂಶೋಧನೆ ಅಲ್ಲ. ಮೆದುಳಿನ ಕಾಯಿಲೆ, ಸಕ್ಕರೆ ಕಾಯಿಲೆ ಮುಂತಾದವನ್ನು ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ.

ಮನೆಯಲ್ಲಿ ಹಿರಿಯರಿಗೆ ಮರೆವು ಕಂಡರೆ?

ಇಂಥ ಜಾಹೀರಾತಿಗೆ ಮರುಳಾಗುವವರು ದಡ್ಡರಲ್ಲ. ತಾಯಿ ತನ್ನ ಮಗನ ಹೆಸರನ್ನೇ ಮರೆಯುತ್ತಿದ್ದಾಳೆ ಎಂದಾಗ ಯಾರಾದರೂ ಏನಾದರೂ ಮಾಡಲು ಮುಂದಾಗುತ್ತಾರೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಮರೆಗುಳಿ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ.

ಆದರೆ ಸೀಸೆಗೆ ಹಣ ಸುರಿಯುವುದರಲ್ಲಿ ಕಳೆದುಹೋಗುವುದು ದುಡ್ಡು ಮಾತ್ರವಲ್ಲ, ಸಮಯವೂ ಹೌದು. ಮರೆವಿಗೆ ಎಲ್ಲ ಸಲವೂ ಅಲ್ಝೈಮರ್ ಕಾರಣವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ, ಕಿವಿ ಕೇಳಿಸದಿರುವುದು ಕೂಡ ಹಾಗೆಯೇ ಕಾಣಿಸಬಹುದು. ಇವುಗಳಲ್ಲಿ ಕೆಲವನ್ನು ಸಾಮಾನ್ಯ ರಕ್ತ ಪರೀಕ್ಷೆಯಿಂದ ಕಂಡುಹಿಡಿದು ಸರಿಪಡಿಸಬಹುದು. ತಡಮಾಡಿದಷ್ಟೂ ಸರಿಪಡಿಸುವುದು ಕಷ್ಟ.

ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ ನಡೆಸುವ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕಾಗಿ ಕ್ಲಿನಿಕ್ ತೆರೆಯುವ ಯೋಜನೆ ಇದೆ. ಹಾವೇರಿ ಕಡೆಯವರಿಗೆ ಹತ್ತಿರದಲ್ಲೇ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಡಿಮ್ಹಾನ್ಸ್ ಇವೆ. ಹುಟ್ಟಿನಿಂದಲೇ ಬರುವ ಮೈಟೊಕಾಂಡ್ರಿಯಾ ಕಾಯಿಲೆಗಳ ತಪಾಸಣೆ ನಿಮ್ಹಾನ್ಸ್‌ನಲ್ಲಿ ನಡೆಯುತ್ತದೆ. ಬಿಪಿ, ಸಕ್ಕರೆ ಹತೋಟಿಯಲ್ಲಿಡುವುದು, ತಂಬಾಕು ಬಿಡುವುದು, ದಿನವೂ ನಡೆಯುವುದು ಮೆದುಳಿಗೂ ಒಳ್ಳೆಯದು ಎಂಬುದಕ್ಕೆ ಮನುಷ್ಯರ ಮೇಲಿನ ಅಧ್ಯಯನಗಳೇ ಆಧಾರವಾಗಿವೆ.

ಯಾರಾದರೂ ಪೆಪ್ಟೈಡ್ ಸೀಸೆ ಮುಂದಿಟ್ಟರೆ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಪರೀಕ್ಷಿಸಿದ್ದು ತಟ್ಟೆಯಲ್ಲಿಯೋ, ಇಲಿಯಲ್ಲಿಯೋ, ಮನುಷ್ಯರಲ್ಲಿಯೋ? ಎಷ್ಟು ಜನರ ಮೇಲೆ, ಎಷ್ಟು ದಿನ? ಭಾರತದಲ್ಲಿ ಯಾವ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ? ಚೀಟಿಯ ಮೇಲೆ ಏನು ಬರೆದಿದೆ? ಹ್ಯೂಮಾನಿನ್ ಬಗ್ಗೆ ಈ ಪ್ರಶ್ನೆಗಳಿಗೆ ಮುಂದೊಂದು ದಿನ ಒಳ್ಳೆಯ ಉತ್ತರ ಸಿಗಲೂಬಹುದು. ಸದ್ಯಕ್ಕೆ ಅದರ ಜಾಗ ಪ್ರಯೋಗಾಲಯದ ಫ್ರಿಜ್‌ನಲ್ಲಿ. ಅಲ್ಲಿ ಅದು ವಿಜ್ಞಾನಿಗಳಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತಿದೆ.